ಹೊಗೆ ವಾಸನೆಯ ಕೋಟು

"ಅಯ್ಯೋ! ಏನ್ರೀ ಮಾಡಿಬಿಟ್ರಿ?!"

ಬೆನ್ನ ಹಿಂದಿನ ಕೂಗಿಗೆ ಚಿಗುಸಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕಬ್ಬಿಣದ ಕೆಟಲು ಖಾಲಿಯಾಗಿತ್ತು. ನಡುಮನೆಯ ನೆಲದಲ್ಲೇ ಕಟ್ಟಿದ್ದ ಚೌಕ ಒಲೆಯಲ್ಲಿ ಬೂದಿ ಚುಂಯ್ ಎಂದು ಕೆಸರಾಗುತ್ತಿತ್ತು.

ಬಾಗಿಲಲ್ಲಿ ಸೌದೆ ಅಪ್ಪಿಕೊಂಡು ಒಬ್ಬ ಯುವಕ ನಿಂತಿದ್ದ. ಕಣ್ಣು ಕೆಂಡವಾಗಿತ್ತು.

"ಮತ್ತಿನ್ನೇನ್ ಮಾಡ್ಲಿ? ಕರೆದ್ರೆ ಯಾರೂ ಇಲ್ಲ, ಒಳಗೆಲ್ಲ ಹೊಗೆ! ಊರಿಗೆ ಊರೇ ಮರದ್ದು. ಹೊತ್ಕೊಂಡಿದ್ರೆ?"

"ಹೊಗೆ ಬರ್ಲಿ ಅಂತಾನೇ ಹಾಕಿದ್ದು ಮಾರಾಯ್ರೇ! ದಿನಾ ಹೊಗೆ ಕುಡಿದ್ರೇನೇ ಈ ಮನೆ ಬದುಕೋದು. ಇಲ್ಲಾಂದ್ರೆ ತೊಲೆಗಳನ್ನೆಲ್ಲ ಹುಳ ತಿಂದು ಮುಗಿಸ್ತವೆ. ನಮ್ಮ ತಾತನ ತಾತನ ಕಾಲದಿಂದ ಹಗಲು ಹೊತ್ತು ಈ ಒಲೆ ಆರಿದ್ದೇ ಇಲ್ಲ. ಇವತ್ತು ನೀವು ಬಂದ್ರಿ, ಆರ್ತು!"

ಚಿಗುಸಾ ತಲೆಯೆತ್ತಿದಳು. ಮೇಲೆ ತೊಲೆಗಳು ಕಪ್ಪಗೆ ಮಿರಮಿರನೆ ಮಿನುಗುತ್ತಿದ್ದವು.

ಥ್ಯಾಂಕ್ಸ್ ಹೇಳೋಕೆ ಅಂತ ನಗೋಯಾದಿಂದ ಬೆಳಗಿನ ರೈಲು ಹಿಡಿದು ಬಂದವಳು ನಾನು... ಬಂದ ಮನೆಯ ಒಲೆಗೇ ನೀರು ಹೊಯ್ದೆನಲ್ಲ!

ಕಳೆದ ವರ್ಷ ಮೇಪಲ್ ಎಲೆ ಕೆಂಪಾಗುವ ಕಾಲದಲ್ಲಿ ಅವಳು ಈ ತೊಚಿಹಾರಾ ಹಳ್ಳಿಗೆ ಬೆಟ್ಟದ ಹಳೇ ದಾರಿಯಲ್ಲಿ ಒಬ್ಬಳೇ ನಡೆದು ಬಂದಿದ್ದಳು. ಮಳೆ ಹಿಡಿಯಿತು, ಮಂಜು ಕವಿಯಿತು, ಕಾಲು ಉಳುಕಿತು. ಕರಡಿ ಓಡಿಸಲು ದಾರಿಬದಿಯಲ್ಲಿ ತೂಗುಹಾಕಿದ್ದ ಗಂಟೆಯನ್ನು ಅಳುತ್ತಾ ಬಾರಿಸಿದ್ದಳು. ಹುಲ್ಲಿನ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದ ಯಾರೋ ಒಬ್ಬ ಓಡಿಬಂದ. ತನ್ನ ಹತ್ತಿಯ ಕೋಟನ್ನು ಅವಳಿಗೆ ಹೊದಿಸಿ, ಬೆನ್ನ ಮೇಲೆ ಹೊತ್ತು ತಂದು, ಡಾಕ್ಟರ ಮನೆ ಮುಂದೆ ಇಳಿಸಿ ಹೋದ. ಆ ಮಂಜಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಕೋಟು ಉಳಿಯಿತು, ಅದರ ತುಂಬ ಹೊಗೆಯ ವಾಸನೆ!

ಆ ವಾಸನೆಗೆ ಅವಳು ಎಷ್ಟೋ ರಾತ್ರಿ ನಿಶ್ಚಿಂತೆಯಿಂದ ನಿದ್ದೆಹೋಗಿದ್ದಳು. ಪ್ರೀತಿ ಅಂದರೆ ಇದೇನಾ ಅಂತ ತನ್ನನ್ನೇ ಕೇಳಿಕೊಂಡು ನಾಚಿದ್ದಳು.

ಡಾಕ್ಟರನ್ನು ಕೇಳಿ ವಿಳಾಸ ಪಡೆದು ಸಿಹಿ ಕಳಿಸಿದಳು. ವಾರದೊಳಗೆ ಮರು ಉಡುಗೊರೆಯಾಗಿ ಚೆಸ್ಟ್‌ನಟ್ ಸಿಹಿ ಬಂತು. ಜೊತೆಗೆ ಒಂದೇ ಒಂದು ಮಾತೂ ಇಲ್ಲ! ಕೊಟ್ಟಿದ್ದಕ್ಕೆ ಕೊಟ್ಟಾಯಿತು, ಇನ್ನು ನೀವ್ಯಾರೋ ನಾವ್ಯಾರೋ... ಅಷ್ಟೇ ತಾನೇ ಅದರ ಅರ್ಥ? ಅವಳಿಗೆ ಆ ಸಿಹಿ ಗಂಟಲಿನಲ್ಲಿ ಇಳಿದಿರಲಿಲ್ಲ.

ಇವತ್ತು ಕೋಟು ಕೊಟ್ಟು, ಬಾಯ್ತುಂಬ ಒಂದು ಮಾತು ಹೇಳಿ, ಸಂಜೆ ಬಸ್ಸಿಗೆ ಹೋಗಿಬಿಡುವುದು. ಅಲ್ಲಿಗೆ ಮುಗಿಯಿತು.

"ತಪ್ಪಾಯ್ತು, ಕ್ಷಮಿಸಿ," ಚಿಗುಸಾ ನೆಲಕ್ಕೆ ಹಣೆ ತಾಗುವಷ್ಟು ಬಾಗಿದಳು. "ಈ ಮನೆಯವರೊಬ್ಬರಿಗೆ ಇದನ್ನ ಕೊಡಬೇಕಿತ್ತು," ಎಂದು ತಂದಿದ್ದ ಬಟ್ಟೆಗಂಟನ್ನು ಮುಂದಿಟ್ಟಳು.

ಅವನು ಗಂಟು ಬಿಚ್ಚಿದ. ನೀಲಿ ಕೋಟು. ಅವನ ಕೈ ಅಲ್ಲೇ ನಿಂತಿತು.

"ಇದು... ತೊಳೆದೇ ಇಲ್ವಲ್ಲ?"

"ತೊಳೆದ್ರೆ ವಾಸನೆ ಹೋಗ್ಬಿಡತ್ತೆ ಅಂತ..."

ಛೇ! ಏನು ಹೇಳಿಬಿಟ್ಟೆ! ಎರವಲು ತಂದ ಬಟ್ಟೆಯನ್ನು ತೊಳೆಯದೆ ಕೊಡುವ ಹೆಣ್ಣು ಎಂದುಕೊಂಡನೇನೋ. ಅವಳ ಕಿವಿಯವರೆಗೂ ಕೆಂಪೇರಿತು.

"ಗಂಟೆ ಬಾರಿಸಿದ್ದು... ನೀವಾ?"

"ಹೊತ್ಕೊಂಡು ಬಂದಿದ್ದು... ನೀವಾ?"

ಚಿಗುಸಾ ಬೆನ್ನು ನೆಟ್ಟಗೆ ಮಾಡಿ ಕೂತಳು. ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತು. "ಅವತ್ತು ನೀವು ಬರದೇ ಇದ್ದಿದ್ರೆ ನಾನು..."

"ಬೇಡ! ದಯವಿಟ್ಟು ಥ್ಯಾಂಕ್ಸ್ ಹೇಳ್ಬೇಡಿ!"

ಅವಳ ಎದೆ ಚುರ್ ಎಂದಿತು. "ಆ ಮಾತು ಕೇಳೋಕೂ ಬೇಜಾರಾ ನಿಮ್ಗೆ? ಅದಕ್ಕೇನಾ ಒಂದಕ್ಷರ ಬರೀದೆ ಸಿಹಿ ಕಳಿಸಿ ಕೈ ತೊಳ್ಕೊಂಡಿದ್ದು?"

"ನಾನು ಸಿಹಿ ಕಳಿಸಿದ್ನಾ? ಯಾವಾಗ?"

"ನಾನು ಕಳಿಸಿದ್ದು ಕಣೋ, ಕುನಿಹಿಕೊ," ಎನ್ನುತ್ತಾ, ಅಷ್ಟರಲ್ಲಿ ಹಿತ್ತಿಲಿನಿಂದ ಮರಳಿದ್ದ ಅವನ ಸೋದರತ್ತೆ ತೊಕಿಯೆ ಚಹಾ ತಟ್ಟೆ ಹಿಡಿದು ಒಳಗೆ ಬಂದಳು. "ಉಡುಗೊರೆ ಬಂದ್ರೆ ಮರು ಉಡುಗೊರೆ ಕಳಿಸಬೇಕಪ್ಪ, ಮನೆ ಮರ್ಯಾದೆ ಪ್ರಶ್ನೆ. ನೀನೋ, ಇವ್ರು ಕಳಿಸಿದ್ದ ಡಬ್ಬಿ ಎದುರಿಗಿಟ್ಕೊಂಡು ಏನ್ ಬರೀಲಿ, ಏನ್ ಬರೀಲಿ ಅಂತ ಕೂತಿದ್ದೆ. ನೀನು ಬರೆಯೋದ್ರೊಳಗೆ ಮೊಮ್ಮಕ್ಕಳಾಗ್ತವೆ ಅಂತ ನಾನೇ ಕಳಿಸ್ದೆ."

"ಅತ್ತೆ!!"

"ಅತ್ತೆ ಅಂತೆ ಅತ್ತೆ! " ತೊಕಿಯೆ ಚಿಗುಸಾಳತ್ತ ತಿರುಗಿದಳು. "ನೋಡಮ್ಮ, ಗಂಟೆ ಗಾಳಿಗೆ ಅಲ್ಲಾಡಿದ್ರೂ ಬೆಟ್ಟಕ್ಕೆ ಓಡ್ತಾನೆ ಇವನು. ಯಾರೋ ಸಿಕ್ಕಿಕೊಂಡಿರ್ತಾರಂತೆ!" ಎಂದು ತಟ್ಟೆಯಿಟ್ಟು ನಗುತ್ತಾ ಅಡುಗೆಮನೆಗೆ ಹೋದಳು.

ಕುನಿಹಿಕೊ ತಲೆ ತಗ್ಗಿಸಿ, ಒದ್ದೆ ಬೂದಿ ಸರಿಸಿ, ಹೊಸ ಕಡ್ಡಿ ಜೋಡಿಸತೊಡಗಿದ. ಕಡ್ಡಿ ನಿಲ್ಲದೆ ಉರುಳುತ್ತಿದ್ದವು. ಚಿಗುಸಾ ಪಕ್ಕದಲ್ಲಿ ಕೂತು ಹಿಡಿದುಕೊಂಡಳು.

"ಯಾಕೆ ಬೇಡ ಅಂದ್ರಿ?"

"ಥ್ಯಾಂಕ್ಸ್ ಹೇಳಿ, ಕೋಟು ಕೊಟ್ರೆ... ಋಣ ತೀರಿತು ಅಂತ ಹೊರಟುಹೋಗ್ತೀರಿ. ಮತ್ತೆ ಬರೋಕೆ ನೆಪ ಎಲ್ಲಿರತ್ತೆ? ಈ ಒಂದು ವರ್ಷ ನನ್ನ ಕೋಟು ನಿಮ್ಮ ಹತ್ರ ಇದೆ ಅನ್ನೋ ಧೈರ್ಯದಲ್ಲೇ ಕಾದಿದ್ದೆ."

ಆ ಮಳೆ, ಆ ಮಂಜು, ಉಳುಕಿದ ಆ ಕಾಲು... ಎಲ್ಲಕ್ಕೂ ಕೈಮುಗಿಯಬೇಕು ಅನ್ನಿಸಿತು ಚಿಗುಸಾಳಿಗೆ.

ಕಡ್ಡಿ ಹೊತ್ತಿತು. ಹೊಗೆ ಎದ್ದು ತೊಲೆಗಳತ್ತ ಹೋಯಿತು. ಇಬ್ಬರ ಕಣ್ಣಲ್ಲೂ ನೀರು.

"ಹೊಗೆಗೆ ಕಣ್ಣುರಿ ಅಂತ ಸುಳ್ಳು ಹೇಳ್ಬೇಡಿ ಇಬ್ರೂ!" ಒಳಗಿನಿಂದ ಅತ್ತೆಯ ದನಿ.

ಸಂಜೆ ಬಸ್ಸು ಬರುವ ಹೊತ್ತಿಗೆ ಕುನಿಹಿಕೊ ಅದೇ ಕೋಟನ್ನು ಅವಳ ಹೆಗಲಿಗೆ ಹೊದಿಸಿದ. ದಿನವಿಡೀ ಒಲೆಯ ಮೇಲೆ ತೂಗಿದ್ದ ಕೋಟು. ಅದೇ ವಾಸನೆ!

"ಕುನಿಹಿಕೊ ಅವ್ರೇ, ಥ್ಯಾಂಕ್ಸ್ ಒಂದೇ ಸಲ ಹೇಳಿ ಮುಗಿಸಲ್ಲ. ದಿನಾ ಸ್ವಲ್ಪ ಸ್ವಲ್ಪ ಹೇಳ್ತೀನಿ. ಆಗ್ಬಹುದಾ?"

"ದಿನಾ ಹೇಳ್ಬೇಕಂದ್ರೆ... ಇಲ್ಲೇ ಇರ್ಬೇಕಾಗತ್ತಲ್ಲ?"

"ಹೌದಲ್ವಾ?" ಚಿಗುಸಾ ಕಣ್ಣೊರೆಸಿಕೊಂಡು ನಕ್ಕಳು. "ಮೊದಲು ನಂಗೆ ಒಲೆ ಹಚ್ಚೋದು ಕಲಿಸಿಕೊಡಿ."