ಇಲಿ ಮಾರ್ಕಿನ ಮದ್ದು

“ಅಣ್ಣಾ, ಎಲಿ ಮರುಂದು ಕುಡುಂಗ!”

ತಮಿಳು ಸೀಮೆಯ ಗಡಿಯೂರು ಕೆಲಮಂಗಲದ ಗೊಬ್ಬರದಂಗಡಿಯಲ್ಲಿ ನಿಂತು ಭಾನು ಠೀವಿಯಿಂದ ತಮಿಳಿನಲ್ಲಿ ಮದ್ದು ಕೇಳಿದಳು. ಅಜ್ಜಿಯ ವೀಳ್ಯದೆಲೆ ಬಳ್ಳಿಗೆ ಹುಳ ಬಿದ್ದು, ಎಲೆಯೆಲ್ಲ ತೂತೋ ತೂತು. “ಎಲೆಗೆ ಮದ್ದು ತಗಂಬಾರಮ್ಮಿ” ಎಂದು ಅಜ್ಜಿ ಗೋವಿಂದಮ್ಮ ಕಳಿಸಿದ್ದಳು. ತಮಿಳು ಟೆಸ್ಟ್‌ನಲ್ಲಿ ಕ್ಲಾಸಿಗೇ ಫಸ್ಟ್ ಬಂದವಳಿಗೆ ಇದೆಲ್ಲ ಯಾವ ಲೆಕ್ಕ?

ಮಕ್ಕಳ ಕೈಗೆ ವಿಷ ಕೊಡುವುದಿಲ್ಲ ಎಂದು ಅಂಗಡಿಯ ಮೋಹನ್ ತಮಿಳಿನಲ್ಲೇ ಹೇಳಿದ. ಪುಸ್ತಕದಂತೆ ಮಡಚಿದ್ದ ಒಂದು ರಟ್ಟು ಕೊಟ್ಟು, ಬಿಚ್ಚಿ ಇಟ್ಟರೆ ಸಾಕು, ತಾವೇ ಬಂದು ಅಂಟಿಕೊಳ್ಳುತ್ತವೆ ಎಂದ. ಏನು ಅಂಟಿಕೊಳ್ಳುತ್ತವೆ ಎಂದು ಅವನು ಹೇಳಲಿಲ್ಲ. ಇವಳು ಕೇಳಲೂ ಇಲ್ಲ.

ಮನೆಯಲ್ಲಿ ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದ್ರ ಮ್ಯಾಲೆ ಇಲಿ ಐತಲ್ಲಮ್ಮಿ?”

“ಅದು ಕಂಪ್ನಿ ಮಾರ್ಕು ಅಜ್ಜಿ. ಕುದುರೆ ಮಾರ್ಕು, ಹುಲಿ ಮಾರ್ಕು ಇರಲ್ವಾ? ಇದು ಇಲಿ ಮಾರ್ಕು.”

“ಹುಳದ್ ಮದ್ದಿಗೆ ಇಲಿ ಮಾರ್ಕಾ?”

“ನಿಂಗೆ ತಮಿಳು ಬರಲ್ಲ, ಸುಮ್ಕಿರಜ್ಜಿ. ಅಪ್ಪ ಕೆಲ್ಸ ಮಾಡೋ ಗುಲಾಬಿ ಪಾಲಿಹೌಸ್‌ನಾಗೆ ಹುಳ ಹಿಡಿಯಾಕೆ ಹಳದಿ ಅಂಟು ಶೀಟ್ ನೇತಾಕಿಲ್ವಾ? ಹಂಗೇ ಇದೂವೆ.”

ಬಳ್ಳಿಯ ಬುಡದಲ್ಲಿ ರಟ್ಟು ಬಿಚ್ಚಿಟ್ಟು ಅವಳು ಹೋಮ್‌ವರ್ಕ್‌ಗೆ ಕೂತಳು.

ಎರಡು ಲೆಕ್ಕ ಮುಗಿಸುವಷ್ಟರಲ್ಲಿ ಹಿತ್ತಲಲ್ಲಿ ಕೀಚಲು ಸದ್ದು. ಓಡಿ ಹೋಗಿ ನೋಡಿದರೆ ಅಜ್ಜಿಯ ಕೋಳಿಮರಿ! ಎರಡು ಕಾಲು, ಒಂದು ರೆಕ್ಕೆ ಅಂಟಿನಲ್ಲಿ ಸಿಕ್ಕಿಕೊಂಡಿವೆ. ತಾಯಿಕೋಳಿ ಸುತ್ತಲೂ ಹಾರಾಡುತ್ತಿದೆ. ಭಾನು ಮರಿಯನ್ನು ಎಳೆಯಲು ಕೈ ಹಾಕಿದಳು.

“ಎಳೀಬ್ಯಾಡ! ಕಾಲು ಕಿತ್ತೋಯ್ತದೆ!” ಅಜ್ಜಿ ಕೂಗಿ, ಅಡುಗೆಮನೆಯಿಂದ ಕಡ್ಲೆಕಾಯಿ ಎಣ್ಣೆ ತಂದಳು. “ಒಂದೊಂದೇ ಬೆರಳಿಗೆ ಹಚ್ಚಿ ಮೆಲ್ಲಗೆ ಉಜ್ಜು.”

ಭಾನು ಉಜ್ಜಿದಳು. ಮರಿಯ ಸದ್ದು ನಿಂತುಹೋಯಿತು.

“ಅಜ್ಜಿ, ಸತ್ತೋಗ್ಬುಡ್ತಾ?”

“ಉಸ್ರಾಡ್ತಾ ಐತೆ. ಕೈ ನಿಲ್ಲಿಸ್ಬ್ಯಾಡ.”

ಒಂದು ಕಾಲು ಬಂತು. ಇನ್ನೊಂದು ಕಾಲು ಬಂತು. ಕೊನೆಗೆ ರೆಕ್ಕೆಯೂ ಬಿಟ್ಟುಕೊಂಡಿತು. ಎಣ್ಣೆಯಿಂದ ತೆಗೆದ ಬೋಂಡಾದಂತಾಗಿದ್ದ ಮರಿ ತೂರಾಡುತ್ತ ತಾಯಿಯ ಹೊಟ್ಟೆಯಡಿಗೆ ನುಗ್ಗಿತು.

ಆಗಲೇ ಭಾನು ರಟ್ಟಿನ ಮೇಲಿದ್ದ ತಮಿಳು ಅಕ್ಷರಗಳನ್ನು ಸರಿಯಾಗಿ ಓದಿದ್ದು. ಎಲಿ. ಅಯ್ಯೋ! ನಮ್ಮ ಇಲಿ ತಮಿಳಿನಲ್ಲಿ ಎಲಿ. ನಮ್ಮ ಎಲೆ ತಮಿಳಿನಲ್ಲಿ ಇಲೈ. ಫಸ್ಟ್ ಬಂದವಳು ಎರಡನ್ನೂ ಕಲಸಿ ಸಾಂಬಾರು ಮಾಡಿದ್ದಳು.

“ಮಾರ್ಕು ಸರ್ಯಾಗೇ ಐತೆ ಬುಡು,” ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾನುವಿಗೆ ನಗುವೂ ಬಂತು, ಅಳುವೂ ಬಂತು.

ಮತ್ತೆ ಅಂಗಡಿಗೆ ಹೋದಾಗ ಅವಳು ತೂತುಬಿದ್ದ ಎಲೆಯೊಂದನ್ನು ಮೇಜಿನ ಮೇಲಿಟ್ಟು, “ಇದುಕ್ಕು” ಎಂದಳು. ಮೋಹನ್ ಬೇವಿನೆಣ್ಣೆಯ ಬಾಟಲಿ ತೆಗೆದ. ಸೋಪಿನ ನೀರಿಗೆ ಒಂಚೂರು ಕಲಸಿ ಎಲೆಯ ಅಡಿಗೂ ಚಿಮುಕಿಸಬೇಕು ಎಂದು ತಮಿಳಿನಲ್ಲಿ ವಿವರಿಸಿದ.

ಭಾನು ಬಾಟಲಿ ಮುಟ್ಟಲಿಲ್ಲ.

“ಕೋಳಿಕ್ಕುಂಜುಕ್ಕು ಒಣ್ಣುಂ ಆಗಾದೇ?”

“ಆಗಾದು.”

ಅವಳಿಗೆ ಸಮಾಧಾನವಾಗಲಿಲ್ಲ. ತೆಲುಗಿನಲ್ಲಿ ಕೇಳಿದಳು. “ಕೋಡಿಪಿಲ್ಲಕಿ ಏಮೀ ಕಾದು ಕದಾ?”

“ಕಾದಮ್ಮಾ.”

“ಕೋಳಿಮರಿಗೆ ಏನೂ ಆಗಲ್ಲ ತಾನೆ?”

ಮೋಹನ್ ಗೊಳ್ಳೆಂದು ನಕ್ಕ. “ಏನೂ ಆಗಲ್ಲ ಕಣಮ್ಮಿ! ನಮ್ಮನೆ ಮಾತೂ ಕನ್ನಡಾನೇ. ನೀನು ತಮಿಳಾಗೆ ಕೇಳ್ದೆ, ನಾನು ತಮಿಳಾಗೆ ಕೊಟ್ಟೆ.”

ಭಾನು ಬಾಟಲಿಯನ್ನು ಕೈಗೆತ್ತಿಕೊಂಡಳು.

“ಹಂಗಾದ್ರೆ ಕಲಸೋದು ಹೆಂಗೇಂತ ಇನ್ನೊಂದ್ಸಲ ಹೇಳಣ್ಣಾ,” ಎಂದಳು.