ಮೂರೂ ಹತ್ತಕ್ಕೆ ಕೇಳಿದ ಹಾಡು

ತಂಗಿಯ ಸಂದರ್ಶನ ಟಿವಿಯಲ್ಲಿ ಬಂದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಮೂವತ್ತು ವರ್ಷದ ಹಿಂದೆ ಅಮ್ಮ ಹಾಡಿದ್ದ ಹಾಡನ್ನು ತಾನು ಹೊಸದಾಗಿ ಹಾಡಿರುವುದಾಗಿ ತಂಗಿ ಹೇಳಿದಳು. ಆ ಒಂದು ಹಾಡಿನ ಕವರ್ ಸಿಂಗಲ್ ಮುಂದಿನ ತಿಂಗಳು ಬಿಡುಗಡೆಯಾಗುತ್ತದೆ, ಜೊತೆಗೆ ವಿಡಿಯೊ ಕೂಡ. ಆಮೇಲೆ ಯಾರೂ ಕೇಳದಿದ್ದರೂ ಕಣ್ಣು ತುಂಬಿಕೊಂಡು ಸೇರಿಸಿದಳು: “ಈ ಹಾಡನ್ನ ಅಮ್ಮ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸಾಲು ಸಾಲಾಗಿ ಹೇಳಿಕೊಟ್ರು.”

ಅಕ್ಕನ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ನಿಂತಿತು.

ಅಮ್ಮ ಜೀವಮಾನದಲ್ಲಿ ರೆಕಾರ್ಡ್ ಮಾಡಿದ್ದು ಅದೊಂದೇ ಹಾಡು. ಆಕೆ ಹಾಸಿಗೆ ಹಿಡಿದ ಕೊನೆಯ ವರ್ಷ ಔಷಧಿ ಕುಡಿಸಿದವಳು, ಬೆನ್ನು ಒರೆಸಿದವಳು, ಮಧ್ಯಾಹ್ನ ಆಕೆಗೆ ತುಸು ಗೆಲುವೆನಿಸಿದಾಗ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಆ ಹಾಡು ಕಲಿತವಳು ಅಕ್ಕ. ತಂಗಿ ಆಗ ಊರೂರು ಸುತ್ತಿ ವೇದಿಕೆ ಹತ್ತುತ್ತಿದ್ದಳು. ವಾರಕ್ಕೊಂದು ಫೋನು, ಅದೂ ಅವಸರದಲ್ಲಿ. ಮೂರನೆಯ ಸಾಲಿನಲ್ಲಿ ಅಮ್ಮ ಒಂದು ಪದವನ್ನು ನಡುವೆ ಮುರಿದು ಉಸಿರು ತೆಗೆದುಕೊಳ್ಳುತ್ತಿದ್ದಳು. ಹಳೆಯ ರೆಕಾರ್ಡಿನಲ್ಲಿ ಆ ಉಸಿರಿಲ್ಲ. ಕಾಯಿಲೆ ಬಂದ ಮೇಲೆ ಬಂದದ್ದು ಅದು. ಸಂದರ್ಶನದಲ್ಲಿ ಕೇಳಿಸಿದ ಹೊಸ ಹಾಡಿನ ತುಣುಕಿನಲ್ಲಿ ತಂಗಿ ಸರಿಯಾಗಿ ಅಲ್ಲೇ ಉಸಿರೆಳೆದಿದ್ದಳು. ಅಕ್ಕ ಪಾತ್ರೆ ತೊಳೆಯುತ್ತಾ ಗುನುಗುವುದನ್ನು ಕೇಳಿಸಿಕೊಂಡಿದ್ದರೆ ಹೊರತು, ಅದು ಅವಳಿಗೆ ಬೇರೆಲ್ಲೂ ಸಿಗುವುದು ಸಾಧ್ಯವಿರಲಿಲ್ಲ.

ಬರೀ ಹಾಡು ತೆಗೆದುಕೊಂಡಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಅವಳು ಆ ಮಧ್ಯಾಹ್ನಗಳನ್ನೇ ಎತ್ತಿಕೊಂಡು ಹೋಗಿದ್ದಳು.

ಮರುದಿನ ತಂಗಿಯ ಫೋನು ಬಂತು. “ಅಕ್ಕಾ, ವಿಡಿಯೊಗೆ ಡ್ಯಾನ್ಸ್ ನೀನೇ ಮಾಡಿಸ್ಬೇಕು. ಬೇರೆಯವರ ಕೈಗೆ ಕೊಡಲ್ಲ ನಾನು.”

ಅಕ್ಕ ನೃತ್ಯ ಸಂಯೋಜಕಿ. ಇಪ್ಪತ್ತು ವರ್ಷ ಹೆಂಗಸರನ್ನೂ ಗಂಡಸರನ್ನೂ ಎಣಿಕೆಗೆ ಕುಣಿಸಿದವಳು. ಈ ಅಕ್ಕರೆ ಈಗ ಯಾಕೆ ಉಕ್ಕಿತು ಎಂದು ಅವಳು ಆಗಲೇ ಲೆಕ್ಕ ಹಾಕಿದಳು. ಬಾಯಿ ಮುಚ್ಚಿಸಲು. ಅಕ್ಕನ ಹೆಸರನ್ನು ವಿಡಿಯೊದ ಕೊನೆಯಲ್ಲಿ ಇರುವೆ ಗಾತ್ರದಲ್ಲಿ ಹಾಕಿದರೆ ನಾಳೆ ಅವಳು ತಗಾದೆ ತೆಗೆಯುವಂತಿಲ್ಲ ಎಂದು ತಂಗಿಯ ಮ್ಯಾನೇಜರನೇ ಕಿವಿಯೂದಿರಬೇಕು.

“ಆಯ್ತು ಕಣೇ,” ಎಂದಳು. ಫೋನು ಕೆಳಗಿಡುವಷ್ಟರಲ್ಲಿ ಅವಳಿಗೆ ತಾನು ಏನು ಮಾಡಬೇಕೆಂದು ಗೊತ್ತಾಗಿತ್ತು. ಹೇಗೆ ಎನ್ನುವುದಷ್ಟೇ ಬಾಕಿ.

ಅದನ್ನೂ ವಿಡಿಯೊ ಮಾಡುವವರೇ ತೋರಿಸಿಕೊಟ್ಟರು. ಚಿತ್ರೀಕರಣಕ್ಕೆ ಆರಿಸಿದ್ದು ಬಾಗಿಲು ಹಾಕಿ ಹತ್ತು ವರ್ಷವಾದ ಒಂದು ಹೋಟೆಲು. ಕೆಳಗೆ ಕಂಬಗಳ ದೊಡ್ಡ ಹಾಲ್, ಮೇಲೆ ಗಾಯಕಿಗೆ ಮೀಸಲಾದ ಕೋಣೆ. ಕೋಣೆಯ ಕಿಟಕಿ ಹಾಲ್‌ನತ್ತ ತೆರೆದಿದ್ದರೆ, ಹಿಂಬದಿಯ ಬಾಲ್ಕನಿ ಕಲ್ಲು ಹಾಸಿನ ಹಿತ್ತಲಿನತ್ತ ಚಾಚಿತ್ತು. ಅದರ ಕಟಾಂಜನ ಅಕ್ಕನ ಸೊಂಟಕ್ಕಿಂತ ಕೆಳಗಿತ್ತು. ಹಿತ್ತಲಲ್ಲಿ ಜನರೇಟರು ದಿನವಿಡೀ ಗುಡುಗುತ್ತಿದ್ದುದರಿಂದ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಜಾಗ ನೋಡಲು ಹೋದ ದಿನವೇ ಅಕ್ಕ ಮೆಟ್ಟಿಲು ಎಣಿಸಿದಳು. ಇಪ್ಪತ್ತಾರು. ಅವಸರವಿಲ್ಲದೆ ಇಳಿದರೂ ಅರ್ಧ ನಿಮಿಷ.

ಹೆಜ್ಜೆ ಕೂಡಿಸಲು ಅನುಕೂಲವಾಗಲೆಂದು ಸ್ಟುಡಿಯೊದವನು ಅವಳಿಗೆ ಹಾಡಿನ ಜೊತೆ ತಂಗಿಯ ಬರೀ ದನಿಯ ತುಣುಕುಗಳನ್ನೂ ಕೊಟ್ಟಿದ್ದ. ರೆಕಾರ್ಡಿಂಗ್ ದಿನದ ಕಚ್ಚಾ ಪ್ರಯತ್ನಗಳು ಅವು. ಅದರಲ್ಲಿ ತಂಗಿ ಹಾಡುತ್ತಾಳೆ, ತಪ್ಪುತ್ತಾಳೆ, ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಮುಚ್ಚಿದ ಕೋಣೆಯಲ್ಲಿ ಯಾರೋ ಅಭ್ಯಾಸ ಮಾಡುತ್ತಿದ್ದಾರೆ ಎನ್ನಿಸಲು ಇದಕ್ಕಿಂತ ಬೇರೇನು ಬೇಕು? ಅಕ್ಕ ಹದಿನೈದು ನಿಮಿಷದಷ್ಟು ತುಣುಕು ಆಯ್ದು ಜೋಡಿಸಿದಳು. ಅದಕ್ಕೂ ಮೊದಲು ಅರ್ಧ ಗಂಟೆಯ ಮೌನ ಸೇರಿಸಿ, ಸಾಬೂನಿನಷ್ಟು ದಪ್ಪದ ಒಂದು ಪ್ಲೇಯರಿಗೆ ತುಂಬಿಸಿದಳು. ಗುಂಡಿ ಒತ್ತಿ ಹೊರಟರೆ ಅರ್ಧ ಗಂಟೆಯ ನಂತರ ತಂಗಿ ತಾನಾಗಿ ಹಾಡತೊಡಗುತ್ತಾಳೆ. ಆ ಹೊತ್ತಿಗೆ ಅಕ್ಕ ನಲವತ್ತು ಜನರ ಕಣ್ಣೆದುರು ತಾಳ ಹಾಕುತ್ತಿರುತ್ತಾಳೆ.

ಮನೆಯಲ್ಲಿ ಮೂರು ಸಲ ಪರೀಕ್ಷಿಸಿದಳು. ಮೂರನೆಯ ಸಲ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೂಗಿದಳು: “ನಿಮ್ಮ ತಂಗಿ ಬಂದಿದ್ದಾರೇನ್ರೀ?”

ಅಕ್ಕ ನಕ್ಕಳು. ಈಗಷ್ಟೇ ಹೋದಳು ಎಂದಳು.

ಚಿತ್ರೀಕರಣದ ದಿನ ಬೆಳಗ್ಗೆಯೆಲ್ಲ ನರ್ತಕರ ಭಾಗ. ಅಕ್ಕ ಎಲ್ಲರ ಮುಖವನ್ನೂ ಓದುತ್ತಿದ್ದಳು. ಲೈಟಿನವನು ಎರಡು ಸಲ ಯಾಕೆ ಅವಳ ಕೈಚೀಲದತ್ತ ನೋಡಿದ? ನಿರ್ದೇಶಕ ಮ್ಯಾನೇಜರನ ಕಿವಿಯಲ್ಲಿ ಪಿಸುಗುಟ್ಟಿದ್ದೇನು? ತನ್ನ ಹೆಸರಿನ ವಿಷಯವೇ ಇರಬೇಕು. ಮಧ್ಯಾಹ್ನ ತಂಗಿ ಕಾರಿನಿಂದ ಇಳಿದು, ಹಾಲ್‌ನವರಿಗೆಲ್ಲ ಕೈಮುಗಿದು, ನೇರ ಮೇಲೆ ಹೋದಳು. “ಶಾಟ್ ರೆಡಿ ಆಗೋವರೆಗೂ ಯಾರೂ ಹೋಗಬೇಡಿ,” ಎಂದು ಎಲ್ಲರಿಗೂ ಹೇಳಿ, ಮ್ಯಾನೇಜರ್ ಬಿಡುಗಡೆಯ ಕೆಲಸಕ್ಕೆಂದು ಅದೇ ಕಾರಿನಲ್ಲಿ ಹೊರಟುಹೋದ. ಅಕ್ಕ ಒಳಗೊಳಗೇ ಅವನ ಉಪಕಾರ ಸ್ಮರಿಸಿದಳು.

ಎರಡೂ ಮೂವತ್ತೈದಕ್ಕೆ ಹಾಲ್‌ನಲ್ಲಿ ಹಾಡನ್ನು ಪೂರ್ತಿ ದನಿಯಲ್ಲಿ ಹಾಕಿ, ನರ್ತಕರಿಗೆ ಮೊದಲ ಭಾಗ ತಾವೇ ಕುಣಿಯುವಂತೆ ಹೇಳಿ, ಅಕ್ಕ ಹಿಂದಿನ ಮೆಟ್ಟಿಲು ಹತ್ತಿದಳು.

ತಂಗಿ ಕನ್ನಡಿಯ ಮುಂದೆ ಕಣ್ಣಿಗೆ ಕಪ್ಪು ತೀಡಿಕೊಳ್ಳುತ್ತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿಸಿದಳು. “ಬಾ, ಬಾಲ್ಕನೀಲಿ ಬೆಳಕು ಚೆನ್ನಾಗಿದೆ, ಕೈ ಹೇಗೆ ತಿರುಗಿಸ್ಬೇಕು ತೋರಿಸ್ತೀನಿ,” ಎಂದಳು ಅಕ್ಕ. ತಂಗಿ ಹಿಂಬಾಲಿಸಿ ಬಂದು, ಹೇಳಿದ ಕಡೆ ನಿಂತು, ಹೇಳಿದಂತೆ ಕೈ ಎತ್ತಿದಳು. ಚಿಕ್ಕಂದಿನಿಂದಲೂ ಕುಣಿತದಲ್ಲಿ ಮಾತ್ರ ಅವಳು ಅಕ್ಕನ ಮಾತು ಮೀರಿದವಳಲ್ಲ.

ಒಂದೇ ಒಂದು ಪ್ರಶ್ನೆ ಕೇಳಬೇಕೆಂದು ಅಕ್ಕ ಮೊದಲೇ ನಿಶ್ಚಯಿಸಿದ್ದಳು.

“ಅಮ್ಮ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ದು ಯಾವತ್ತು ಹೇಳು?”

ತಂಗಿಯ ಮುಖ ಬಿಳಿಚಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಎತ್ತಿದ್ದ ಕೈಯನ್ನು ಇಳಿಸಿ ಅಕ್ಕನ ಕೈ ಹಿಡಿಯಲು ಚಾಚಿದಳು. ಉತ್ತರವಿಲ್ಲ ಎಂದರೆ ತಪ್ಪೊಪ್ಪಿಕೊಂಡಂತೆಯೇ ಎಂದುಕೊಂಡಳು ಅಕ್ಕ. ಚಾಚಿದ ಕೈಯನ್ನು ಬಿಟ್ಟು ಭುಜಕ್ಕೆ ಕೈಯಿಟ್ಟು ಕಟಾಂಜನದಾಚೆ ನೂಕಿದಳು.

ಜನರೇಟರು ಗುಡುಗುತ್ತಲೇ ಇತ್ತು.

ಹಾಲ್‌ನತ್ತಣ ಕಿಟಕಿಯ ಪರದೆಯ ಹಿಂದೆ ಪ್ಲೇಯರಿಟ್ಟು, ಗುಂಡಿ ಒತ್ತಿ, ಅಕ್ಕ ಇಪ್ಪತ್ತಾರು ಮೆಟ್ಟಿಲು ಇಳಿದಳು.

ಮೂರೂ ಹತ್ತಕ್ಕೆ ಸ್ವಲ್ಪ ಮುಂಚೆ ಅವಳು ಚಪ್ಪಾಳೆ ತಟ್ಟಿ ಹಾಡು ನಿಲ್ಲಿಸಿದಳು. “ಈಗ ಹಾಡಿಲ್ಲದೆ, ಬರೀ ಎಣಿಕೆಗೆ.” ನರ್ತಕರ ಕಾಲುಗಳ ಸದ್ದಷ್ಟೇ ಉಳಿಯಿತು. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ದನಿ ತೇಲಿ ಬಂತು. ಮೊದಲ ಸಾಲು, ಎರಡನೆಯದು, ಮೂರನೆಯದರ ನಡುವೆ ಆ ಉಸಿರು. ಒಂದು ಸಣ್ಣ ಕೆಮ್ಮು. ಮತ್ತೆ ಮೊದಲಿನಿಂದ.

ಲೈಟಿನವನು ಏಣಿಯ ಮೇಲೇ ನಿಂತು ಕಿವಿಗೊಟ್ಟ. “ಅಕ್ಕಾ, ಏನ್ ಗಂಟಲು ನಿಮ್ಮ ತಂಗೀದು! ಪ್ರಾಕ್ಟೀಸೇ ಹಿಂಗಿದ್ರೆ!”

“ಅವಳಿಗೆ ಎಷ್ಟು ಹಾಡಿದ್ರೂ ಸಮಾಧಾನ ಇಲ್ಲ,” ಎಂದಳು ಅಕ್ಕ, ತಾಳ ಬಿಡದೆ.

ಮೂರೂ ಇಪ್ಪತ್ತೈದಕ್ಕೆ ದನಿ ನಿಂತಿತು. ಮೂರೂ ನಲವತ್ತಕ್ಕೆ ನಿರ್ದೇಶಕ ಕರೆ ಕಳಿಸಿದ. ಮೊದಲು ಮೇಲೆ ಓಡಿದವಳು ಅಕ್ಕನೇ. ಪ್ಲೇಯರು ಕೈಚೀಲದ ತಳ ಸೇರಿದ ಮೇಲೆಯೇ ಅವಳು ಬಾಲ್ಕನಿಗೆ ಹೋಗಿ ಕೆಳಗೆ ನೋಡಿ ಚೀರಿದ್ದು. ಆ ಚೀರಾಟ ಮಾತ್ರ ಅಭ್ಯಾಸ ಮಾಡಿದ್ದಲ್ಲ.

ತನಿಖೆಗೆ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಸಂಜೆ ಬಿಸಿಲು ಕಂಬಗಳ ಬುಡಕ್ಕೆ ಬರುವವರೆಗೂ ಒಬ್ಬೊಬ್ಬರನ್ನೇ ಕರೆದು ಕೇಳಿದಳು. ನಲವತ್ತು ಜನರದೂ ಒಂದೇ ಮಾತು. ಮೂರೂ ಇಪ್ಪತ್ತೈದರವರೆಗೆ ಮೇಡಂ ಹಾಡುತ್ತಿದ್ದರು, ಆಮೇಲೆ ಬಿದ್ದಿರಬೇಕು. ಆ ಹೊತ್ತೆಲ್ಲ ಅಕ್ಕ ತಮ್ಮೆದುರೇ ಇದ್ದರು.

“ಹಾಡಿದ್ದು ಅವರೇ ಅಂತ ನಿಮಗೆ ಖಾತ್ರಿನಾ?” ಅಧಿಕಾರಿ ಅಕ್ಕನನ್ನು ಕೇಳಿದಳು.

ಇದೇನು, ಕೆಣಕಲು ಕೇಳಿದ್ದೋ, ಸುಮ್ಮನೆ ಕೇಳಿದ್ದೋ? ಅಕ್ಕ ಆ ಮುಖವನ್ನು ದಿಟ್ಟಿಸಿದಳು. ಸುಸ್ತಲ್ಲದೆ ಅಲ್ಲಿ ಬೇರೇನೂ ಕಾಣಲಿಲ್ಲ.

“ನನ್ನ ಕೈಯಲ್ಲಿ ಬೆಳೆದವಳು ಮೇಡಂ. ಅವಳ ದನಿ ನನಗೆ ಗೊತ್ತಾಗಲ್ವಾ? ಇವತ್ತು ಅವಳು ಹಾಡಿದ್ದನ್ನ ನಾನು ಕಿವಿಯಾರೆ ಕೇಳಿದೀನಿ. ಬೇಕಾದ್ರೆ ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಅಧಿಕಾರಿ ಬರೆದುಕೊಂಡಳು. ಅಕ್ಕ ಸಹಿ ಹಾಕಿದಳು.

ಮ್ಯಾನೇಜರ್ ಬಂದಿದ್ದು ಆಗ. ಅತ್ತು ಅತ್ತು ಮುಖ ಊದಿತ್ತು. ಅಧಿಕಾರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಡತ ಮುಚ್ಚುವವಳಂತೆ ಆ ಹೇಳಿಕೆಯನ್ನು ಒಮ್ಮೆ ಓದಿ ಹೇಳಿದಳು. ಅವನು ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ. “ಹಾಡ್ತಿದ್ರಾ? ಯಾರು ಹೇಳಿದ್ದು? ಐದು ದಿನದ ಹಿಂದೆ ಅವರ ಗಂಟಲಿನ ಆಪರೇಷನ್ ಆಯ್ತು ಮೇಡಂ. ಹಾಡು ರೆಕಾರ್ಡ್ ಆಗಲಿ ಅಂತಾನೇ ಮುಂದಕ್ಕೆ ಹಾಕಿದ್ವಿ. ಎರಡು ವಾರ ಪಿಸುಮಾತೂ ಆಡಬಾರದು, ಆಡೋಕೂ ಆಗಲ್ಲ ಅಂದಿದ್ರು ಡಾಕ್ಟರು. ವಿಡಿಯೊಗೆ ತುಟಿ ಆಡಿಸಿದ್ರೆ ಸಾಕಲ್ಲ ಅಂತ ಬಂದ್ರು.” ಅವನು ಅಕ್ಕನತ್ತ ತಿರುಗಿದ. “ನಿಮಗೆ ಹೇಳಲೇಬೇಡಿ ಅಂತ ಚೀಟಿ ಬರೆದುಕೊಟ್ಟಿದ್ರು. ಅಕ್ಕ ಹೆದರಿಕೊಳ್ತಾಳೆ ಅಂತ.” ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದಳು. ಅಕ್ಕನ ಸಹಿಯ ಶಾಯಿ ಇನ್ನೂ ಒಣಗಿರಲಿಲ್ಲ. ಕೈಚೀಲ ಅವಳ ತೊಡೆಯ ಮೇಲೇ ಇತ್ತು.