ಅಡ್ಡ ಮಲಗಿಸಿದ ಬಾಟಲಿ

“ಅದನ್ನು ಎಬ್ಬಿಸಿ ನಿಲ್ಲಿಸ್ಬೇಡಿ ಧಣಿ. ಹೆಂಗಸರು ತಿಂದ ಪೆಟ್ಟೆಲ್ಲ ಅದ್ರೊಳಗುಂಟು,” ಎಂದಳು ಪಾತ್ರೆ ತೊಳೆಯುವ ದೇವಕ್ಕ.

ಮುಂಬಯಿಯ ಮುಲುಂಡಿನಲ್ಲಿ ಚಾಳೊಂದರ ಎದುರಿನ ಬಾರನ್ನು ಪ್ರಶಾಂತ ಹೊಸದಾಗಿ ಕೊಂಡಿದ್ದ. ಹೊಸ್ತಿಲು ಅಗೆಸಿದಾಗ ಬಳೆಚೂರುಗಳ ನಡುವೆ ಅಡ್ಡ ಮಲಗಿಸಿದ ಬಾಟಲಿಯೊಂದು ಸಿಕ್ಕಿತ್ತು. ಬಾಯಿಗೆ ಅರಿಸಿನದ ಬಟ್ಟೆ ಬಿಗಿದಿತ್ತು. ಕೊಳೆತ ನಿಂಬೆಯ ನಾತ. ಬಾರ್ ಮುಚ್ಚಿಸಲು ಚಾಳಿನ ಹೆಂಗಸರು ಹಿಂದೊಮ್ಮೆ ಮತ ಹಾಕಿದ್ದರಂತೆ. ಮತಪತ್ರದಲ್ಲಿ ಅಡ್ಡ ಬಾಟಲಿಯ ಚಿತ್ರಕ್ಕೆ ಒತ್ತಿದರೆ ಬಾರ್ ಬಂದ್, ನಿಂತ ಬಾಟಲಿಗೆ ಒತ್ತಿದರೆ ಚಾಲೂ. ಮತ ಸಾಲದೆ ಸೋತ ಅವರು, ಗಂಡಂದಿರ ಏಟಿಗೆ ಒಡೆದ ಬಳೆಗಳನ್ನೆಲ್ಲ ಕೂಡಿಸಿ, ಮಂತ್ರ ಹಾಕಿಸಿ ಇದನ್ನು ಹೂತಿದ್ದರಂತೆ.

ಪ್ರಶಾಂತನಿಗೆ ನಗು ತಡೆಯಲಾಗಲಿಲ್ಲ. ಸೋತ ಮೇಲೂ ಇವರ ಹಟ ನೋಡು ಎಂದು ಬಾಟಲಿಯನ್ನು ಗಲ್ಲಾದ ಮೇಲೆ ನೆಟ್ಟಗೆ ನಿಲ್ಲಿಸಿದ.

ಅಂದೇ ಸಂಜೆ ಗಿರಾಕಿಯೊಬ್ಬ ಕುಡಿದು ತೂರಾಡುತ್ತ ಚಾಳಿಗೆ ಹೋದ. ಒಳಗೆಲ್ಲೋ ಹೆಂಗಸೊಬ್ಬಳು ಚೀರಿದಳು. ಅದೇ ಗಳಿಗೆಗೆ ಪ್ರಶಾಂತನ ಕೆನ್ನೆಗೆ ಛಟೀರೆಂದು ಏಟು ಬಿತ್ತು. ಎದುರಿಗೆ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಐದೂ ಬೆರಳು ಮೂಡಿದ್ದವು.

ಆಮೇಲೆ ದಿನವೂ ಅದೇ ಕತೆ. ಅವನ ಬಾರಿನಲ್ಲಿ ಕುಡಿದವರು ಮನೆಯಲ್ಲಿ ಹೊಡೆದ ಏಟೆಲ್ಲ ಅವನ ಮೈಮೇಲೂ ಬೀಳುತ್ತಿತ್ತು. ಕಣ್ಣು ಊದಿತು, ತುಟಿ ಸೀಳಿತು. ಹೆಂಡತಿ ನಿಶಾ ಕೇಳಿದಾಗ ಬಾತ್‌ರೂಮಿನಲ್ಲಿ ಜಾರಿದೆ ಎಂದ. ಹೇಳುವಾಗಲೇ ನಾಚಿಕೆಯಿಂದ ತಲೆ ತಗ್ಗಿತು. ಅವಳ ಹುಬ್ಬಿನ ಕಲೆಯ ಬಗ್ಗೆ ಬಿಲ್ಡಿಂಗಿನವರಿಗೆ ಹಾಗೇ ಹೇಳಬೇಕೆಂದು ಅವನೇ ಅವಳಿಗೆ ಕಲಿಸಿಕೊಟ್ಟಿದ್ದ.

ಬಾಟಲಿ ಮಲಗಿಸಿ ಬಾರ್ ಮುಚ್ಚಿಬಿಡಿ ಎಂದು ದೇವಕ್ಕ ಗೋಗರೆದಳು. ವ್ಯಾಪಾರ ಜೋರಾಗಿತ್ತು, ಅವನಿಗೆ ಮನಸ್ಸು ಬರಲಿಲ್ಲ.

ಡ್ರೈ ಡೇ ಬಂತು. ಶಟರ್ ಇಳಿದಿತ್ತು. ಇವತ್ತು ಹೊಡೆಯುವವರಿಲ್ಲ ಎಂಬ ನೆಮ್ಮದಿಯಲ್ಲಿ ಮನೆಯಲ್ಲೇ ಗ್ಲಾಸು ತುಂಬಿಸಿದ. ಇನ್ನೊಂದು. ಮತ್ತೊಂದು. ಸಾಕು ಎಂದಳು ನಿಶಾ. ಯಾವ ಮಾಟವೂ ಅವನ ಕೈ ಎತ್ತಿಸಲಿಲ್ಲ. ಅವಳ ಮೇಲೆ ಅವನೇ ಎತ್ತಿದ.

ದೀಪ ಆರಿತು. ಕತ್ತಲು. ಕೊಳೆತ ನಿಂಬೆಯ ನಾತ. ಬಳೆ ಒಡೆದ ಸದ್ದು. ಒಂದಲ್ಲ, ನೂರು ಬಳೆ. ಅವನ ಹುಬ್ಬು ಬಿರಿಯಿತು. ರಕ್ತ ಕಣ್ಣಿಗಿಳಿಯಿತು. ಅವನು ಕಿರುಚಿದ.

ದೀಪ ಬಂತು. ನಿಶಾಳ ಹಳೆಯ ಗಾಯ ಮತ್ತೆ ಬಿರಿದಿತ್ತು. ಅವನ ಹುಬ್ಬಿನಲ್ಲೂ ಅದೇ ಗಾಯ, ಅವನದೇ ಉಂಗುರದ ಅಚ್ಚು.

ಬಾಗಿಲು ಬಡಿದ ಸದ್ದು. ಕಿರುಚಾಟ ಕೇಳಿ ಪಕ್ಕದ ಮನೆಯ ಸ್ನೇಹಲ್ ಓಡಿ ಬಂದಿದ್ದಳು, ಹಿಂದೆ ಮಹಡಿಯವರೆಲ್ಲ. ನಿಶಾ ರಕ್ತ ಒರೆಸಿಕೊಳ್ಳಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಗಂಡನ ಕಡೆ ತಿರುಗಿದಳು.

“ಏನಾಯ್ತು ಅಂತ ಈ ಸಲ ನೀವೇ ಹೇಳಿ.”